ಹುಟ್ಟಿನಿಂದ ಕಿವುಡು, ಈಗ ಇರುಳುಗಣ್ಣು: ಅಷರ್ ಸಿಂಡ್ರೋಮ್ ಬಗ್ಗೆ ಅನುಭವ ಇರುವವರು ಹೇಳಿ

ತಿಪಟೂರಿನಿಂದ ಒಬ್ಬ ತಂದೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 9 ವರ್ಷ. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಮೂರನೇ ವರ್ಷದಲ್ಲಿ ಒಂದು ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಕೂರಿಸುವ ಶ್ರವಣ ಸಾಧನ, ಮಾಡಿಸಿದೆವು. ಈಗ ಚೆನ್ನಾಗಿ ಮಾತನಾಡುತ್ತಾನೆ, ಊರಿನ ಮಾಮೂಲಿ ಶಾಲೆಯಲ್ಲೇ ನಾಲ್ಕನೇ ತರಗತಿ ಓದುತ್ತಿದ್ದಾನೆ. ಕಳೆದ ವರ್ಷದಿಂದ ಸಂಜೆಯಾದರೆ ಹೊಸ್ತಿಲು ಎಡವುತ್ತಾನೆ. ಗಣಪತಿ ಮೆರವಣಿಗೆಯಲ್ಲಿ ಒಂದು ಕ್ಷಣವೂ ನನ್ನ ಕೈ ಬಿಡಲಿಲ್ಲ. ಪಟಾಕಿಗೆ ಹೆದರಿದ್ದಾನೆ ಎಂದುಕೊಂಡೆವು. ಹೋದ ತಿಂಗಳು ಕಣ್ಣಿನ ವೈದ್ಯರು ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ನೋಡಿ, ಇದು ಆ ಪರದೆ ನಿಧಾನವಾಗಿ ಕೆಡುವ ರೆಟಿನೈಟಿಸ್ ಪಿಗ್ಮೆಂಟೋಸಾ, ಕಿವಿಯ ತೊಂದರೆಯೂ ಇರುವುದರಿಂದ ಕಿವಿ, ಕಣ್ಣು ಎರಡನ್ನೂ ಕೆಡಿಸುವ ಅಷರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರಬಹುದು, ವಂಶವಾಹಿ ಪರೀಕ್ಷೆ ಮಾಡಿಸಿ ಎಂದರು. ಚಿಕಿತ್ಸೆ ಏನು ಎಂದು ಕೇಳಿದರೆ, ಸದ್ಯಕ್ಕೆ ಇಲ್ಲ ಎಂದರು. ಚಿಕಿತ್ಸೆಯೇ ಇಲ್ಲದ ಮೇಲೆ ಇಪ್ಪತ್ತು ಮೂವತ್ತು ಸಾವಿರ ಕೊಟ್ಟು ಪರೀಕ್ಷೆ ಏಕೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಕೇಳಲು ಸಂಕೋಚ. ನಾನು ಮದುವೆಯಾಗಿರುವುದು ಅಕ್ಕನ ಮಗಳನ್ನು. ನಮ್ಮ ದೊಡ್ಡ ಮಗಳಿಗೆ 20 ವರ್ಷ, ಆರೋಗ್ಯವಾಗಿದ್ದಾಳೆ. ಅವಳನ್ನು ನನ್ನ ಹೆಂಡತಿಯ ತಮ್ಮನಿಗೇ ಕೊಡಬೇಕೆಂದು ಅಕ್ಕನ ಮನೆಯಲ್ಲಿ ಮಾತು ನಡೆದಿದೆ. ಈಗ ಏನು ಮಾಡುವುದು? ಮಗನಿಗೆ ಏನು ಹೇಳುವುದು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಮೈಸೂರಿನಿಂದ ಒಬ್ಬ ತಾಯಿ:

ಸರ್, ಒಂದು ಪ್ರಶ್ನೆ. ನಿಮ್ಮ ಮಗ ಎಷ್ಟನೇ ತಿಂಗಳಿಗೆ ನಡೆದ?

ತಿಪಟೂರಿನ ತಂದೆ:

22ನೇ ತಿಂಗಳಿಗೆ, ಮೇಡಂ. ಕೂರುವುದೂ ತಡವಾಗಿತ್ತು. ಕಿವುಡು ಮಕ್ಕಳು ಸ್ವಲ್ಪ ನಿಧಾನ ಎಂದು ಎಲ್ಲರೂ ಹೇಳಿದರು.

ಮೈಸೂರಿನ ತಾಯಿ:

ಹಾಗೆಯೇ ಅಂದುಕೊಂಡೆ. ನಮ್ಮವನು ನಡೆದದ್ದು 20ನೇ ತಿಂಗಳಿಗೆ, ನಮಗೂ ಇದೇ ಸಮಾಧಾನ ಹೇಳಿದ್ದರು. ಕಿವುಡು ಮಕ್ಕಳೆಲ್ಲ ನಿಧಾನ ಎಂಬುದು ಸುಳ್ಳು. ಒಳಗಿವಿಯಲ್ಲಿ ಶಬ್ದದ ಅಂಗದ ಪಕ್ಕದಲ್ಲೇ ದೇಹದ ಸಮತೋಲನ ಕಾಯುವ ಅಂಗವೂ ಇದೆ. ಅಷರ್‌ನ ಮೊದಲ ವಿಧದಲ್ಲಿ ಎರಡೂ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಹಾಗಾಗಿ ಪೂರ್ತಿ ಕಿವುಡು, ಒಂದೂವರೆ ವರ್ಷ ದಾಟಿದ ಮೇಲೆ ನಡಿಗೆ, ಹತ್ತು ವರ್ಷದ ಒಳಗೆ ಇರುಳುಗಣ್ಣು, ಈ ಮೂರೂ ಒಂದೇ ಮಗುವಿನಲ್ಲಿ ಕಂಡರೆ ವೈದ್ಯರ ಮನಸ್ಸಿಗೆ ಅಷರ್ ಬರಲೇಬೇಕು. ನಮಗೆ ಯಾರ ಮನಸ್ಸಿಗೂ ಬರಲಿಲ್ಲ. ಕಿವಿಯವರು ಕಿವಿ ನೋಡಿದರು, ಮೂಳೆಯವರು ಕಾಲು ನೋಡಿದರು, ಕಣ್ಣಿನವರು ಕನ್ನಡಕ ಕೊಟ್ಟರು. ನನ್ನ ಮಗನನ್ನು ಇಡಿಯಾಗಿ ನೋಡಲು ಹನ್ನೊಂದು ವರ್ಷ ಬೇಕಾಯಿತು. ಈಗ ಅವನಿಗೆ 14.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಮಾಡಿಸಿ. ನಾನು ಎರಡು ವರ್ಷ ಮುಂದೂಡಿದೆ, ನೀವು ಕೇಳಿದ ಕಾರಣಕ್ಕೇ. ಹೆಸರು ಗೊತ್ತಾದ ದಿನ ಗಟ್ಟಿಯಾಗಿ ಅತ್ತೆ, ಆದರೆ ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಅದಕ್ಕೆ ಮೊದಲು ಇಂಪ್ಲಾಂಟ್ ಒಂದೇ ಕಿವಿಗೆ ಸಾಕು ಎಂದುಕೊಂಡಿದ್ದೆವು. ಕಣ್ಣಿನ ನೋಟ ಅಂಚಿನಿಂದ ಕುಗ್ಗುತ್ತದೆ ಎಂದು ತಿಳಿದ ಮೇಲೆ ಎರಡನೇ ಕಿವಿಗೂ ಮಾಡಿಸಿದೆವು. ಎರಡು ಕಿವಿ ಇದ್ದರೆ ಬಸ್ಸು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುತ್ತದೆ. ಕಣ್ಣು ಸರಿಯಿರುವವರಿಗೆ ಇದು ದೊಡ್ಡ ವಿಷಯವಲ್ಲ, ಇವರಿಗೆ ರಸ್ತೆ ದಾಟುವ ವಿಷಯ. ತಡವಾಗಿ ಮಾಡಿಸಿದ್ದರಿಂದ ಆ ಕಿವಿ ಮೊದಲನೆಯದರಷ್ಟು ಪಳಗಲಿಲ್ಲ. ಮೂರನೇ ವರ್ಷದಲ್ಲೇ ಗೊತ್ತಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಕರೆಂಟ್ ಹೋದಾಗ ನಿಮ್ಮ ಮಗ ಸುಮ್ಮನಾಗುತ್ತಾನೆಯೇ? ನಮ್ಮವನು ಆಗುತ್ತಿದ್ದ. ಕತ್ತಲಿಗೆ ಹೆದರುತ್ತಾನೆ ಎಂದು ಬೈದಿದ್ದೇನೆ. ಇಂಪ್ಲಾಂಟ್ ಇದ್ದರೂ ಅವನು ಅರ್ಧ ಮಾತನ್ನು ತುಟಿ ನೋಡಿಯೇ ತುಂಬಿಕೊಳ್ಳುತ್ತಿದ್ದ. ದೀಪ ಆರಿದರೆ ನಮ್ಮ ಮುಖ ಮಾತ್ರವಲ್ಲ, ಮಾತೂ ಆರಿಹೋಗುತ್ತಿತ್ತು.

ಶಿರಸಿಯಿಂದ ಒಬ್ಬ ಜೀವಶಾಸ್ತ್ರ ಉಪನ್ಯಾಸಕ:

ಪಾಠ ಮಾಡುವುದು ಹೊಟ್ಟೆಪಾಡು, ಆದರೆ ಇದನ್ನು ಬರೆಯುತ್ತಿರುವುದು ಸೋದರಮಾವನಾಗಿ. ತಂಗಿಯ ಮಗಳಿಗೆ ಇದೇ ಕಾಯಿಲೆ. ಕಿವಿಗೂ ಕಣ್ಣಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನಮ್ಮ ಮನೆಯಲ್ಲೂ ಎಲ್ಲರೂ ಕೇಳಿದ್ದರು, ಅಲ್ಲಿಂದಲೇ ಶುರುಮಾಡುತ್ತೇನೆ.

ಒಳಗಿವಿಯ ಕೋಶಗಳ ತಲೆಯ ಮೇಲೆ ಸಣ್ಣ ರೋಮಗಳ ಗುಚ್ಛವಿದೆ, ಗಿಡ್ಡದಿಂದ ಎತ್ತರಕ್ಕೆ ಮೆಟ್ಟಿಲಿನ ಹಾಗೆ ಜೋಡಿಸಿದಂತೆ. ಒಂದು ರೋಮದ ತುದಿಯನ್ನು ಪಕ್ಕದ್ದಕ್ಕೆ ಕಟ್ಟುವ ಅತಿಸೂಕ್ಷ್ಮ ದಾರಗಳಿವೆ. ಶಬ್ದ ಬಂದಾಗ ಗುಚ್ಛ ಬಾಗುತ್ತದೆ, ದಾರ ಬಿಗಿಯುತ್ತದೆ, ಬಾಗಿಲು ತೆರೆದು ಸಂಕೇತ ಮಿದುಳಿಗೆ ಹೋಗುತ್ತದೆ. ಆ ದಾರ ಎರಡು ಪ್ರೋಟೀನುಗಳಿಂದ ಆದದ್ದು: ಕ್ಯಾಡ್‌ಹೆರಿನ್ 23 ಮತ್ತು ಪ್ರೊಟೊಕ್ಯಾಡ್‌ಹೆರಿನ್ 15. ದಾರವನ್ನು ಬಿಗಿಯಾಗಿ ಹಿಡಿದಿಡಲು ಮಯೋಸಿನ್ 7ಎ, ಹಾರ್ಮೋನಿನ್, ಸಾನ್ಸ್ ಎಂಬ ಇನ್ನೂ ಮೂರು ಬೇಕು. ಈ ಐದರಲ್ಲಿ ಯಾವ ಒಂದು ಕೈಕೊಟ್ಟರೂ ಅಷರ್‌ನ ಮೊದಲ ವಿಧ ಬರುತ್ತದೆ. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳಿಗೂ ಇವೇ ಪ್ರೋಟೀನುಗಳು ಬೇಕು. ಅಲ್ಲಿ ಕೆಡುವುದು ನಿಧಾನ. ಮೊದಲು ಮಂದ ಬೆಳಕಿಗೆಂದು ಇರುವ ದಂಡಕೋಶಗಳು ಹೋಗುತ್ತವೆ, ಅದೇ ಇರುಳುಗಣ್ಣು. ಆಮೇಲೆ ನೋಟದ ಅಂಚು ಸವೆಯುತ್ತಾ, ನಡುವೆ ಕೊಳವೆಯಲ್ಲಿ ಇಣುಕಿದಷ್ಟು ಉಳಿಯುತ್ತದೆ. ಎರಡನೇ ವಿಧದಲ್ಲಿ ಅಷರಿನ್ ಮುಂತಾದ ಬೇರೆ ಪ್ರೋಟೀನುಗಳು ಕೆಟ್ಟಿರುತ್ತವೆ. ಅದರಲ್ಲಿ ಕಿವುಡು ಮಧ್ಯಮದಿಂದ ತೀವ್ರ, ಸಮತೋಲನ ತಪ್ಪುವುದಿಲ್ಲ, ಕಣ್ಣಿನ ತೊಂದರೆ ಹದಿಹರೆಯದಲ್ಲಿ ತಲೆ ಹಾಕುತ್ತದೆ. ಮೂರನೆಯದರಲ್ಲಿ ಮಾತು ಕಲಿತ ಮೇಲೆ ಕಿವಿಯೂ ನಿಧಾನವಾಗಿ ಹೋಗುತ್ತದೆ. ಅದು ಫಿನ್‌ಲೆಂಡಿನವರಲ್ಲಿ ಮತ್ತು ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚು.

ಮಯೋಸಿನ್ 7ಎ ಪತ್ತೆಯಾದದ್ದು 1995ರಲ್ಲಿ, ತಲೆ ಅಲ್ಲಾಡಿಸುತ್ತಾ ಸುತ್ತು ಹೊಡೆಯುವ ಒಂದು ಕಿವುಡು ಇಲಿಯ ತಳಿಯ ಜೊತೆಜೊತೆಗೇ. ತಮಾಷೆ ಎಂದರೆ ಆ ಇಲಿಗೆ ಕಿವಿ ಹೋಯಿತು, ಸಮತೋಲನ ಹೋಯಿತು, ಕಣ್ಣು ಮಾತ್ರ ಮನುಷ್ಯರಿಗೆ ಕೆಟ್ಟ ಹಾಗೆ ಕೆಡಲಿಲ್ಲ. ಕಣ್ಣಿನ ಔಷಧ ಪರೀಕ್ಷಿಸಲು ಹೊರಟವರಿಗೆ ಇದು ದೊಡ್ಡ ತೊಡಕಾಯಿತು.

ಈಗ ಲೆಕ್ಕ. ಇಂಥ ಪ್ರತಿ ಪ್ರೋಟೀನನ್ನು ಕಟ್ಟುವ ಸೂಚನೆ ಒಂದೊಂದು ವಂಶವಾಹಿಯಲ್ಲಿದೆ. ಪ್ರತಿ ವಂಶವಾಹಿಯ ಎರಡು ಪ್ರತಿ ನಮ್ಮಲ್ಲಿವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದರಲ್ಲಿ ಅಕ್ಷರದೋಷ ಇದ್ದರೆ ಇನ್ನೊಂದು ಕೆಲಸ ಮಾಡಿಕೊಂಡು ಹೋಗುತ್ತದೆ. ಅಂಥವರು ವಾಹಕರು, ಅವರಿಗೆ ಕಿವಿಯೂ ಸರಿ, ಕಣ್ಣೂ ಸರಿ. ನೀವು ಮತ್ತು ನಿಮ್ಮ ಪತ್ನಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬನಿಗೆ ಬಂದಾಯಿತು, ಇನ್ನು ಮೂವರಿಗೆ ಬರುವುದಿಲ್ಲ ಎಂದು ಅರ್ಥವಲ್ಲ. ಚೌಕಾಬಾರದ ಕವಡೆಗೆ ಹಿಂದಿನ ಆಟದ ನೆನಪು ಇರುವುದಿಲ್ಲ.

ಅಕ್ಷರದೋಷ ಎಂದೆ. ವಂಶವಾಹಿಯ ಭಾಷೆಯಲ್ಲಿ ಪದಗಳೆಲ್ಲ ಮೂರಕ್ಷರದವು. 'ಅವನು ಕಮಲ ತರಲಿ' ಎಂಬ ಸಾಲಿನಲ್ಲಿ ಒಂದು 'ಕ' ಬಿಟ್ಟುಹೋಯಿತು ಎನ್ನಿ, ಮೂರು ಮೂರಾಗಿಯೇ ಓದುತ್ತಾ ಹೋದರೆ 'ಅವನು ಮಲತ ರಲಿ' ಆಗುತ್ತದೆ. ಅಲ್ಲಿಂದ ಮುಂದಕ್ಕೆ ಪುಸ್ತಕ ಪೂರ್ತಿ ಹೀಗೆಯೇ. ಅಷರ್‌ನಲ್ಲಿ ಇಂಥ ಒಂದಕ್ಷರದ ಲೋಪಗಳೂ ಇವೆ.

ನಿಮ್ಮ ಮಗಳ ವಿಷಯ. ಅವಳಿಗೆ ಕಾಯಿಲೆ ಇಲ್ಲ ಎಂಬುದು ಗೊತ್ತಿರುವುದರಿಂದ ನಾಲ್ಕರಲ್ಲಿ ಒಂದು ಸಾಧ್ಯತೆ ಆಗಲೇ ಬಿಟ್ಟುಹೋಯಿತು. ಉಳಿದ ಮೂರರಲ್ಲಿ ಎರಡು ವಾಹಕ. ಅವಳ ಸೋದರಮಾವ, ಅಂದರೆ ನಿಮ್ಮ ಅಕ್ಕನ ಮಗ, ವಾಹಕನಾಗಿರುವ ಸಾಧ್ಯತೆ ಎರಡರಲ್ಲಿ ಒಂದು. ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ನಾಲ್ಕರಲ್ಲಿ ಒಂದು. ಗುಣಿಸಿದರೆ ಹನ್ನೆರಡರಲ್ಲಿ ಒಂದು. ಹೊರಗಿನ ಹುಡುಗನಾದರೆ ಅದೇ ವಂಶವಾಹಿಯಲ್ಲಿ ದೋಷ ಹೊತ್ತಿರುವ ಸಂಭವ ತೀರಾ ಕಡಿಮೆ. ಮಗಳು ವಾಹಕಳಾದರೂ ಮೊಮ್ಮಕ್ಕಳಿಗೆ ಹೆದರಬೇಕಾಗಿಲ್ಲ. ಹನ್ನೆರಡರಲ್ಲಿ ಒಂದು ಎಂಬುದು ಊಹೆಯ ಲೆಕ್ಕ. ಮಗನ ವರದಿ ಬಂದ ಮೇಲೆ ಆ ಒಂದು ದೋಷಕ್ಕೆ ಮಾತ್ರ ಇವರಿಬ್ಬರ ರಕ್ತ ನೋಡಿಸಬಹುದು, ಅದಕ್ಕೆ ಮೊದಲ ಪರೀಕ್ಷೆಗಿಂತ ಬಹಳ ಕಡಿಮೆ ಖರ್ಚು. ಆಗ ಊಹೆ ಹೋಗಿ ಹೌದು ಅಥವಾ ಇಲ್ಲ ಎಂದಾಗುತ್ತದೆ. ಪರೀಕ್ಷೆ ಏಕೆ ಎಂಬುದಕ್ಕೆ ಇದೂ ಒಂದು ಉತ್ತರ.

ಸಂಕೋಚ ಬೇಡ. ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲು ಭಾಗ ಮದುವೆಗಳು ಸಂಬಂಧದೊಳಗೇ ನಡೆಯುತ್ತವೆ. 1861ರಲ್ಲಿ ಬರ್ಲಿನ್ನಿನ ಲೀಬ್‌ರೈಖ್ ಎಂಬ ವೈದ್ಯರು ಆ ಊರಿನ ಕಿವುಡರ ಕಣ್ಣು ಪರೀಕ್ಷಿಸಿ, ಈ ಜೋಡಿ ತೊಂದರೆ ಸಂಬಂಧದೊಳಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು ಎಂದು ಗಮನಿಸಿದ್ದರು. ಕಾಯಿಲೆಗೆ ಹೆಸರು ಬಂದದ್ದು ಮಾತ್ರ 1914ರಲ್ಲಿ ಇದರ ಆನುವಂಶಿಕತೆಯ ಬಗ್ಗೆ ಬರೆದ ಬ್ರಿಟನ್ನಿನ ಚಾರ್ಲ್ಸ್ ಅಷರ್ ಅವರಿಂದ. ಸಂಬಂಧದೊಳಗಿನ ಮದುವೆ ದೋಷವನ್ನು ಹುಟ್ಟಿಸುವುದಿಲ್ಲ, ಎಲ್ಲೋ ಅಡಗಿದ್ದ ಎರಡು ಪ್ರತಿಗಳನ್ನು ಒಂದೇ ತೊಟ್ಟಿಲಿಗೆ ತರುತ್ತದೆ, ಅಷ್ಟೆ.

ಬಳ್ಳಾರಿಯಿಂದ ಒಬ್ಬ ತಾಯಿ:

ನಮ್ಮದು ಸ್ವಲ್ಪ ಬೇರೆ ಕಥೆ, ಆದರೆ ನಿಮಗೆ ಬೇಕಾಗಬಹುದು. ಮಗಳಿಗೆ ಕಿವುಡು, 12ನೇ ವರ್ಷಕ್ಕೆ ಇರುಳುಗಣ್ಣು. ವೈದ್ಯರು ಅಷರ್ ಎಂದು ಚೀಟಿಯಲ್ಲೇ ಬರೆದುಕೊಟ್ಟರು, ಮೂರು ವರ್ಷ ಹಾಗೆಯೇ ನಂಬಿದ್ದೆವು. ಪರೀಕ್ಷೆ ಮಾಡಿಸಿದಾಗ ಅಷರ್ ಅಲ್ಲವೇ ಅಲ್ಲ! ಕಿವುಡು ಬಂದದ್ದು ಜಿಜೆಬಿ2 ಎಂಬ ವಂಶವಾಹಿಯಿಂದ, ಕಣ್ಣಿನದು ಬೇರೆಯೇ ಒಂದರಿಂದ. ಎರಡು ಕಾಯಿಲೆ, ಒಂದು ಮಗು. ನಾವೂ ಸಂಬಂಧದಲ್ಲೇ ಮದುವೆಯಾದವರು. ಇಂಥ ಮನೆಗಳಲ್ಲಿ ಹೀಗೂ ಆಗುತ್ತದೆ ಎಂದು ಆಪ್ತಸಮಾಲೋಚಕರು ವಿವರಿಸಿದರು. ಜಿಜೆಬಿ2 ನಮ್ಮ ದೇಶದಲ್ಲಿ ಹುಟ್ಟು ಕಿವುಡಿಗೆ ಬಹಳ ಸಾಮಾನ್ಯ ಕಾರಣವಂತೆ, ಅದು ಕಣ್ಣನ್ನು ಮುಟ್ಟುವುದೇ ಇಲ್ಲ.

ಇನ್ನೂ ಕೆಲವು ಕಾಯಿಲೆಗಳು ಹೊರಗಿನಿಂದ ಅಷರ್‌ನ ಹಾಗೆಯೇ ಕಾಣುತ್ತವೆ ಎಂದು ಅಲ್ಲಿಯೇ ತಿಳಿಯಿತು. ಬಸುರಿನಲ್ಲಿ ರುಬೆಲ್ಲಾ ತಗುಲಿದ್ದರೆ ಮಗುವಿಗೆ ಕಿವಿ, ಕಣ್ಣು ಎರಡೂ ಕೆಡಬಹುದು, ಅದು ವಂಶದಿಂದ ಬಂದದ್ದಲ್ಲ. ರೆಫ್ಸಮ್ ಎಂಬ ಇನ್ನೊಂದಿದೆ, ಅದರಲ್ಲಿ ಇರುಳುಗಣ್ಣು, ಕಿವುಡಿನ ಜೊತೆ ಮೂಗಿಗೆ ವಾಸನೆಯೂ ಹೋಗುತ್ತದೆ. ಅದನ್ನು ಆಹಾರದ ಪಥ್ಯದಿಂದ ಹಿಡಿತದಲ್ಲಿ ಇಡಬಹುದು. ಅಂಥದ್ದನ್ನು ಅಷರ್ ಎಂದುಕೊಂಡು ಕೈಕಟ್ಟಿ ಕೂತರೆ ಎಷ್ಟು ನಷ್ಟ ಯೋಚಿಸಿ. ಅದಕ್ಕೇ ಹೇಳುವುದು, ಚಿಕಿತ್ಸೆ ಇಲ್ಲ ಎಂದು ಹೇಳಬೇಕಾದರೂ ಮೊದಲು ಕಾಯಿಲೆ ಯಾವುದೆಂದು ಗೊತ್ತಿರಬೇಕು.

ಇನ್ನೊಂದು ಎಚ್ಚರ: ವರದಿಯಲ್ಲಿ 'ಅರ್ಥ ಖಚಿತವಿಲ್ಲದ ಬದಲಾವಣೆ' ಎಂದು ಬರಬಹುದು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಗಾಬರಿಯಾಗಬೇಡಿ, ಅದರ ಮೇಲೆ ಮದುವೆ, ಬಸುರು ಯಾವುದನ್ನೂ ತೀರ್ಮಾನಿಸಬೇಡಿ. ಅಪ್ಪ ಅಮ್ಮನ ರಕ್ತವನ್ನೂ ಜೊತೆಗೇ ಕೊಟ್ಟರೆ ಎಷ್ಟೋ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮಲ್ಲಿ ವರದಿ ಬರಲು ಒಂದೂವರೆ ತಿಂಗಳು ಹಿಡಿಯಿತು.

ದಾವಣಗೆರೆಯಿಂದ ಒಬ್ಬ ತಂದೆ:

ಇನ್ನು ಸ್ವಲ್ಪ ದಿನದಲ್ಲಿ ನಿಮ್ಮ ಮನೆಗೆ ಯಾರಾದರೂ ಬಂದು, ಇಂಥ ಊರಿನಲ್ಲಿ ಒಬ್ಬರು ಕಣ್ಣಿಗೆ ಹನಿ ಹಾಕುತ್ತಾರೆ, ಆರು ತಿಂಗಳಿಗೆ ಗುಣ ಎಂದು ಹೇಳುತ್ತಾರೆ. ನನಗೂ ಹೇಳಿದರು. ಎರಡು ವರ್ಷ ಹೋದೆ. ಎಮ್ಮೆ ಮಾರಿದೆ, ಹೆಂಡತಿಯ ಬಳೆ ಮಾರಿದೆ. ಕೊನೆಗೆ ಕಾಂಡಕೋಶದ ಚುಚ್ಚುಮದ್ದು ಎಂದು ಇನ್ನೊಂದು ಕಡೆ ಒಂದೂವರೆ ಲಕ್ಷ ಕೇಳಿದಾಗ ಎಚ್ಚರವಾಯಿತು. ಗುಣ ಮಾಡುತ್ತೇನೆ ಎನ್ನುವವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಯಾವ ವಂಶವಾಹಿಗೆ? ಬಾಯಿ ಬಿಡುವುದಿಲ್ಲ.

ವಿಟಮಿನ್ ಎ ಮಾತ್ರೆಯನ್ನೂ ಯಾರೋ ಹೇಳಿದ ಮಾತು ಕೇಳಿ ಕೊಡಬೇಡಿ. ಹೆಚ್ಚಾದರೆ ಯಕೃತ್ತಿಗೆ ಪೆಟ್ಟು. ಜ್ವರ, ಸೋಂಕು ಬಂದಾಗ ಜೆಂಟಾಮೈಸಿನ್ ಜಾತಿಯ ಇಂಜೆಕ್ಷನ್ ಕೊಡುವ ಮೊದಲು ಮಗನ ಕಿವಿಯ ವಿಷಯವನ್ನು ವೈದ್ಯರಿಗೆ ತಿಳಿಸಿ, ಅವು ಒಳಗಿವಿಗೆ ಕೆಟ್ಟವು.

ಹುಬ್ಬಳ್ಳಿಯಿಂದ, ವಯಸ್ಸು 43:

ಇಲ್ಲಿಯವರೆಗೆ ಬರೆದವರೆಲ್ಲ ಅಪ್ಪ ಅಮ್ಮಂದಿರು ಮತ್ತು ಒಬ್ಬ ಮಾವ. ಕಾಯಿಲೆ ಇರುವವನು ನಾನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನದು ಎರಡನೇ ವಿಧ, ದೋಷ ಇರುವುದು ಅಷರಿನ್ ಕಟ್ಟುವ ಯುಎಸ್‌ಎಚ್2ಎ ಎಂಬ ವಂಶವಾಹಿಯಲ್ಲಿ. ಬಾಲ್ಯದಿಂದ ಶ್ರವಣ ಸಾಧನ. 17ರ ಹೊತ್ತಿಗೆ ಸಂಜೆ ಕ್ರಿಕೆಟ್‌ನಲ್ಲಿ ಚೆಂಡು ಕಾಣದೆ ಹಲ್ಲು ಮುರಿದುಕೊಂಡೆ. ವೈದ್ಯರು ಆಗಲೇ ಅಪ್ಪನಿಗೆ ಹೇಳಿದ್ದರು. ಅಪ್ಪ ನನಗೆ ಹೇಳಿದ್ದು 26ನೇ ವರ್ಷದಲ್ಲಿ, ಅದೂ ನಾನು ಬೈಕಿನಿಂದ ಒಬ್ಬ ಹಣ್ಣಿನವರ ಗಾಡಿಗೆ ಗುದ್ದಿದ ಮೇಲೆ. ಆ ಒಂಬತ್ತು ವರ್ಷ ನಾನು ನನ್ನನ್ನೇ ಒಬ್ಬ ಹೆಡ್ಡ ಎಂದುಕೊಂಡಿದ್ದೆ. ಲೋಟ ಕೆಡವಿದರೆ, ಯಾರಾದರೂ ಕೈ ಚಾಚಿದ್ದು ಕಾಣದೆ ಹಾಗೇ ಹೋದರೆ, ದುರ್ಗದ ಬೈಲಿನ ಸಂತೆಯಲ್ಲಿ ಜನರಿಗೆ ತಾಗಿ 'ಕುಡಿದಿದ್ದೀಯಾ' ಎಂದು ಬೈಸಿಕೊಂಡರೆ, ತಪ್ಪು ನನ್ನದೇ. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಹೇಳಿದರೆ ಮನಸ್ಸು ಮುರಿದೀತು ಎಂದು ಮುಚ್ಚಿಟ್ಟರು. ಮನಸ್ಸು ಮುರಿದದ್ದು ಹೇಳದ್ದರಿಂದ.

ನಿಮ್ಮ ಮಗನಿಗೆ 9 ವರ್ಷ. ಅವನಿಗೆ ವಂಶವಾಹಿ ಬೇಡ, ಮುಂದೆ ಏನಾಗುತ್ತದೆ ಎಂಬುದೂ ಈಗಲೇ ಬೇಡ. 'ನಿನ್ನ ಕಣ್ಣಿಗೆ ಕತ್ತಲಲ್ಲಿ ಬೇರೆಯವರಷ್ಟು ಕಾಣುವುದಿಲ್ಲ, ಪಕ್ಕದಲ್ಲಿ ಇರುವುದೂ ಕೆಲವೊಮ್ಮೆ ಕಾಣುವುದಿಲ್ಲ, ಅದು ನಿನ್ನ ತಪ್ಪಲ್ಲ' ಎಂದರೆ ಸಾಕು. ಉಳಿದದ್ದನ್ನು ಅವನೇ ಕೇಳುತ್ತಾನೆ, ಕೇಳಿದಷ್ಟಕ್ಕೆ ಸುಳ್ಳಿಲ್ಲದೆ ಉತ್ತರಿಸಿ.

ಇನ್ನು ವ್ಯವಹಾರದ ಮಾತು. ಕಣ್ಣಿನ ಚಾರ್ಟ್ ಓದಿಸಿ 'ಆರರಲ್ಲಿ ಆರು, ಏನೂ ತೊಂದರೆ ಇಲ್ಲ' ಎಂದು ನನ್ನನ್ನು ಒಂದು ಕಚೇರಿಯಿಂದ ವಾಪಸ್ ಕಳುಹಿಸಿದ್ದರು. ಚಾರ್ಟ್ ಓದುವುದು ನೋಟದ ನಡುಭಾಗ, ನಮಗೆ ಹೋಗುವುದು ಅಂಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೋಟದ ವ್ಯಾಪ್ತಿ 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ ಎಂದು ಸ್ಪಷ್ಟವಾಗಿದೆ. ಆದ್ದರಿಂದ ನೋಟದ ವ್ಯಾಪ್ತಿ ಅಳೆಯುವ ಫೀಲ್ಡ್ ಪರೀಕ್ಷೆಯ ಕಾಗದ ಇಲ್ಲದೆ ಪ್ರಮಾಣಪತ್ರಕ್ಕೆ ಹೋಗಬೇಡಿ. ಅದೇ ಕಾಯ್ದೆಯಲ್ಲಿ ಕಿವುಡು ಮತ್ತು ಕುರುಡು ಎರಡೂ ಇರುವುದನ್ನು ಬಹುವಿಧ ಅಂಗವೈಕಲ್ಯದ ಅಡಿಯಲ್ಲಿ ಹೆಸರಿಸಿ ಹೇಳಿದ್ದಾರೆ. ಸರ್ಕಾರಿ ಉದ್ಯೋಗದ 4 ಶೇಕಡಾ ಮೀಸಲಾತಿಯಲ್ಲಿ ಅದಕ್ಕೂ ಪಾಲಿದೆ. ಮಗನಿಗೆ ಈಗ ಇರುವುದು ಕಿವಿಯ ಕಾರ್ಡ್ ಮಾತ್ರವಾದರೆ, ಕಣ್ಣಿನ ನೋಟ ಆ ಮಿತಿಗೆ ಇಳಿದಾಗ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ತಿದ್ದಿಸಿ.

ವರ್ಷಕ್ಕೊಮ್ಮೆ ರೆಟಿನಾ ತೋರಿಸುವುದನ್ನು ನಿಲ್ಲಿಸಬೇಡಿ. ಹೇಗೂ ಚಿಕಿತ್ಸೆ ಇಲ್ಲವಲ್ಲ ಎಂದು ನಾನು ಐದು ವರ್ಷ ಹೋಗಲಿಲ್ಲ. ಆಮೇಲೆ ನಡುನೋಟವೂ ಮಂಜಾಯಿತು. ಕಾಯಿಲೆ ಜಾಸ್ತಿಯಾಯಿತು ಎಂದು ಸುಮ್ಮನಿದ್ದೆ. ನೋಡಿದರೆ ಅದು ಪೊರೆ, ನಮ್ಮಂಥವರಿಗೆ ಬೇಗ ಬರುವ ಪೊರೆ. ತೆಗೆಸಿದೆ, ಮತ್ತೆ ಪತ್ರಿಕೆ ಓದಿದೆ. ರೆಟಿನಾದ ನಡುವೆ ನೀರು ತುಂಬಿಕೊಳ್ಳುವುದೂ ಉಂಟು, ಅದಕ್ಕೆ ಹನಿ ಮತ್ತು ಮಾತ್ರೆ ಇವೆ. ಮೂಲ ಕಾಯಿಲೆಗೆ ಮದ್ದಿಲ್ಲ ಎಂದರೆ ಯಾವುದಕ್ಕೂ ಮದ್ದಿಲ್ಲ ಎಂದಲ್ಲ.

ಬಿಳಿ ಕೋಲು ಹಿಡಿದದ್ದು 38ಕ್ಕೆ. ಹಿಡಿದ ದಿನ ನಾಚಿಕೆಯಾಯಿತು. ಮಾರನೆಯ ದಿನ ಬಸ್ ನಿಲ್ದಾಣದಲ್ಲಿ ಯಾರೂ ಬೈಯಲಿಲ್ಲ.

ಚಾಮರಾಜನಗರದಿಂದ ಒಬ್ಬ ಅಜ್ಜಿ, ಮೊಮ್ಮಗಳ ಕೈಯಲ್ಲಿ ಬರೆಸಿದ್ದು:

ನನ್ನ ಇಬ್ಬರು ಮಕ್ಕಳು ಹೀಗೆಯೇ ಇದ್ದರು. ಗ್ರಹಣದಲ್ಲಿ ಹೊರಗೆ ಬಂದೆ ಎಂದು ಅತ್ತೆ ಹೇಳಿದರು, ನನ್ನ ಹೊಟ್ಟೆಯ ದೋಷ ಎಂದು ಊರು ಹೇಳಿತು. ಮೊನ್ನೆ ಮೊಮ್ಮಗಳು ಕಾಗದದಲ್ಲಿ ಬರೆದು ತೋರಿಸಿದಳು, ಅರ್ಧ ನನ್ನದು, ಅರ್ಧ ಅವರ ಅಪ್ಪನದು ಎಂದು. ಯಜಮಾನರು ಹೋಗಿ 11 ವರ್ಷವಾಯಿತು. ಇದ್ದಿದ್ದರೆ ತೋರಿಸುತ್ತಿದ್ದೆ. ನೀವು ನಿಮ್ಮ ಮನೆಯಾಕೆಗೆ ಈಗಲೇ ಹೇಳಿಬಿಡಿ, ಮಗ.

ನ್ಯೂಜೆರ್ಸಿಯಿಂದ:

ಮೂಲತಃ ನಾವು ಉಡುಪಿಯವರು. ಮಗಳಿಗೆ ಯುಎಸ್‌ಎಚ್2ಎ, ದೋಷ ಇರುವುದು ಆ ವಂಶವಾಹಿಯ 13ನೇ ಭಾಗದಲ್ಲಿ. ಶಿರಸಿಯವರ ಕಮಲದ ಉದಾಹರಣೆಯನ್ನೇ ಮುಂದುವರಿಸುವುದಾದರೆ, ಕೆಟ್ಟ ಪದವಿರುವ ಆ ವಾಕ್ಯವನ್ನೇ ಪೂರ್ತಿ ಹಾರಿಸಿ ಓದಿದರೆ ಮುಂದಿನ ಪುಸ್ತಕ ಸರಿಯಾಗಿ ಓದಿಸಿಕೊಳ್ಳುತ್ತದೆ. ಹಾಗೆ ಹಾರಿಸುವಂತೆ ಮಾಡುವ ಅಲ್ಟೆವರ್ಸೆನ್ ಎಂಬ ಔಷಧವನ್ನು ಕಣ್ಣಿನೊಳಗೆ ಚುಚ್ಚಿ ನೋಡುತ್ತಿದ್ದಾರೆ, ಇನ್ನೂ ಪ್ರಯೋಗದ ಹಂತ. 13ನೇ ಭಾಗದಲ್ಲಿ ದೋಷ ಇರುವವರಿಗೆ ಮಾತ್ರ.

ವಂಶವಾಹಿಯನ್ನೇ ಹೊಸದಾಗಿ ಕೊಡುವ ಚಿಕಿತ್ಸೆ ಕಣ್ಣಿಗೆ 2017ರಿಂದಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ, ಆದರೆ ಅದು ಆರ್‌ಪಿಇ65 ಎಂಬ ಬೇರೊಂದು ವಂಶವಾಹಿಗೆ, ಅಷರ್‌ಗೆ ಅಲ್ಲ. ಅಷರ್‌ನ ಕಷ್ಟ ಏನೆಂದರೆ ಹೊಸ ವಂಶವಾಹಿಯನ್ನು ಕೋಶದೊಳಗೆ ಹೊತ್ತೊಯ್ಯುವ ವೈರಸ್ಸಿನಲ್ಲಿ ಸುಮಾರು 4,700 ಅಕ್ಷರಕ್ಕಷ್ಟೇ ಜಾಗ. ಮಯೋಸಿನ್ 7ಎ 6,600 ಅಕ್ಷರ ದಾಟುತ್ತದೆ, ಯುಎಸ್‌ಎಚ್2ಎ 15,600. ಗೂಡ್ಸ್ ಆಟೋಗೆ ತೆಂಗಿನ ತೊಲೆ ಹೇರಿದ ಹಾಗೆ. ಮಯೋಸಿನ್ 7ಎ ಅನ್ನು ಎರಡು ತುಂಡು ಮಾಡಿ ಎರಡು ವೈರಸ್ಸುಗಳಲ್ಲಿ ಕಳುಹಿಸಿ ಒಳಗೆ ಜೋಡಿಸುವ ಪ್ರಯೋಗ ಮನುಷ್ಯರಲ್ಲಿ ಶುರುವಾಗಿದೆ. ನಾಳೆಯೇ ಬರುತ್ತದೆ ಎಂದು ಹೇಳುವುದಿಲ್ಲ. ಆದರೆ ಬಂದ ದಿನ ಮೊದಲು ಕೇಳುವುದು ಯಾವ ವಂಶವಾಹಿ, ಯಾವ ದೋಷ ಎಂದೇ.

ಬೆಂಗಳೂರಿನಿಂದ ಒಬ್ಬ ವಿಶೇಷ ಶಿಕ್ಷಕಿ:

ಎಲ್ಲರೂ ವೈದ್ಯಕೀಯದ ಬಗ್ಗೆ ಬರೆದಿದ್ದಾರೆ, ನಾನು ಬರೆಯುವುದು ಮಾತಿನ ಬಗ್ಗೆ. ಕಾಣುತ್ತಿರುವಾಗಲೇ ಕೈಗೆ ಭಾಷೆ ಕಲಿಸಿ. ಇಂಪ್ಲಾಂಟ್ ಇದೆಯಲ್ಲ ಎಂದು ಬಿಡಬೇಡಿ. ಅದು ರಾತ್ರಿ ಮಲಗುವಾಗ, ಸ್ನಾನದಲ್ಲಿ, ಬ್ಯಾಟರಿ ಮುಗಿದಾಗ ಇರುವುದಿಲ್ಲ. ಭಾರತೀಯ ಸಂಜ್ಞಾಭಾಷೆಯನ್ನು ಮನೆಯವರೆಲ್ಲ ಸ್ವಲ್ಪ ಕಲಿಯಿರಿ. ಮುಂದೆ ನೋಟ ಕಿರಿದಾದಾಗ ಕೈಗಳನ್ನು ಎದೆಯ ಹತ್ತಿರ, ಸಣ್ಣದಾಗಿ ಆಡಿಸಿದರೆ ಅವನಿಗೆ ಕಾಣುತ್ತದೆ. ಅದಕ್ಕೂ ಮುಂದೆ ನಿಮ್ಮ ಕೈಯ ಮೇಲೆ ಅವನ ಕೈ ಇಟ್ಟು ಅದೇ ಸಂಜ್ಞೆಯನ್ನು ಮುಟ್ಟಿ ಓದುತ್ತಾನೆ. ಬ್ರೈಲನ್ನು ಆಟವಾಗಿ ಶುರುಮಾಡಿ, ಶಿಕ್ಷೆಯಾಗಿ ಅಲ್ಲ.

ಎಲ್ಲಕ್ಕಿಂತ ಸುಲಭದ್ದು ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಬರೆಯುವುದು. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇದು ಸಲೀಸು. ನಮ್ಮ ಕನ್ನಡದಲ್ಲಿ ಒತ್ತಕ್ಷರ ಬಂದಾಗ ಅಂಗೈ ಸಾಲುವುದಿಲ್ಲ! ಒತ್ತನ್ನು ಕೆಳಗೆ ಬರೆಯದೆ ಮಣಿಕಟ್ಟಿನ ಮೇಲೆ ಬರೆಯುವ ಉಪಾಯವನ್ನು ನನ್ನ ಒಬ್ಬ ವಿದ್ಯಾರ್ಥಿನಿಯೇ ಕಂಡುಕೊಂಡಳು.

ವಿಳಾಸ ಬೇಕಾದರೆ: ಕಿವಿ ಮತ್ತು ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವಂಶವಾಹಿ ಸಮಾಲೋಚನೆಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಜೆನೆಟಿಕ್ಸ್ ವಿಭಾಗ ಇವೆ. ಕಿವಿ ಕಣ್ಣು ಎರಡೂ ಇಲ್ಲದ ಮಕ್ಕಳ ಕಲಿಕೆಗೆಂದೇ ಅಹಮದಾಬಾದಿನ ಸೆನ್ಸ್ ಇಂಟರ್‌ನ್ಯಾಷನಲ್ ಇಂಡಿಯಾ ಕೆಲಸ ಮಾಡುತ್ತದೆ.

ತಿಪಟೂರಿನ ತಂದೆ, ನಾಲ್ಕು ತಿಂಗಳ ನಂತರ:

ಎಲ್ಲರಿಗೂ ಉತ್ತರಿಸದೆ ಇದ್ದುದಕ್ಕೆ ಕ್ಷಮಿಸಿ. ಪರೀಕ್ಷೆ ಮಾಡಿಸಿದೆವು. ಮಯೋಸಿನ್ 7ಎ, ಎರಡೂ ಪ್ರತಿಯಲ್ಲಿ ಅದೇ ಒಂದು ದೋಷ. ನಾನೂ ನನ್ನ ಹೆಂಡತಿಯೂ ವಾಹಕರು. ವರದಿಯನ್ನು ಅಕ್ಕನ ಮನೆಗೆ ತೆಗೆದುಕೊಂಡು ಹೋಗಿ, ಅಜ್ಜಿಯವರು ಬರೆದಿದ್ದನ್ನು ನೆನೆದು, ಅರ್ಧ ನನ್ನದು ಎಂದು ಎಲ್ಲರೆದುರು ಹೇಳಿದೆ. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಮಗ ರಕ್ತ ಕೊಡಲು ಒಪ್ಪಲಿಲ್ಲ, ನನಗೇನಾಗಿದೆ ಎಂದು ಕೇಳಿದ. ಏನೂ ಆಗಿಲ್ಲ ಎಂದು ಹೇಳಿ ಬಂದೆ, ನಿಜವೂ ಅದೇ.

ಮಗಳು ಮಾತ್ರ ತಾನೇ ಮುಂದೆ ಬಂದು ಕೊಟ್ಟಳು. ಅವಳೂ ವಾಹಕಳು. ಹೇಗೆ ಹೇಳುವುದೋ ಎಂದು ನಾನು ತಡವರಿಸುತ್ತಿದ್ದಾಗ, 'ವರದಿ ಏನೇ ಬಂದಿದ್ದರೂ ನಾನು ಮಾವನನ್ನು ಮದುವೆಯಾಗುತ್ತಿರಲಿಲ್ಲ ಅಪ್ಪ, ನೀವು ಯಾರೂ ಕೇಳಲೇ ಇಲ್ಲ' ಎಂದಳು. ಶಿರಸಿಯ ಸರ್, ನಿಮ್ಮ ಹನ್ನೆರಡರಲ್ಲಿ ಒಂದರ ಲೆಕ್ಕದಲ್ಲಿ ಇದು ಬಂದಿರಲಿಲ್ಲ.

ಮಗನಿಗೆ ಹುಬ್ಬಳ್ಳಿಯವರು ಬರೆದ ಮಾತನ್ನೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಮೆಟ್ಟಿಲಿನ ಹತ್ತಿರ ಚಪ್ಪಲಿ ಬಿಡಬೇಡಿ' ಎಂದ. ಅವತ್ತಿನಿಂದ ಬಿಡುತ್ತಿಲ್ಲ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಹೊಡೆಸಿದ್ದೇನೆ. ಎರಡನೇ ಕಿವಿಯ ಬಗ್ಗೆ ಮುಂದಿನ ತಿಂಗಳು ವೈದ್ಯರನ್ನು ಕಾಣಬೇಕು. ಅವನಿಗೆ ಈಗ 9, ಮೈಸೂರಿನ ಮೇಡಂ ಹೇಳಿದ್ದು ಮನಸ್ಸಿನಲ್ಲಿದೆ.

ಕರೆಂಟ್ ಹೋದಾಗ ಅಂಗೈಯಲ್ಲಿ ಬರೆಯುವುದನ್ನು ಶುರುಮಾಡಿದ್ದೇವೆ. ನಾನು 'ಅಮ್ಮ' ಎಂದು ಬರೆದರೆ 'ಅಮ' ಎಂದು ಓದಿ ನಗುತ್ತಾನೆ. ಒತ್ತು ಮಣಿಕಟ್ಟಿಗೆ ಎಂದು ಟೀಚರ್ ಹೇಳಿದ್ದರು ಎಂದರೆ, ಅಲ್ಲಿ ಕಚಗುಳಿಯಾಗುತ್ತದೆ ಎಂದು ಕೈ ಎಳೆದುಕೊಳ್ಳುತ್ತಾನೆ. ಟೀಚರ್, ಬೇರೆ ಜಾಗ ಯಾವುದಾದರೂ ಇದೆಯೇ?